ಎರಕದ ಗುಂಡಿಯ ಮೇಲಿನ ಹಸಿರು

“ಗುರುಗಳೇ, ಕಾಯುವವನಿಗೆ ಹೊತ್ತು ಬೇಗ ಸರಿಯಬೇಕಾದರೆ ಏನು ಮಾಡಬೇಕು?”

ಹೀಗೆ ಕೇಳಿದವನು ಅಡವಯ್ಯ. ನಮ್ಮ ಮಠದಲ್ಲೇ ಓದಿ, ಗುರುಗಳ ಪಾದದ ಬಳಿಯಲ್ಲೇ ಬೆಳೆದವನು. ಅವನ ನಂತರ ಬಂದವರಲ್ಲಿ ಕೆಲವರು ಆಗಲೇ ಗುರುಗಳ ಅಪ್ಪಣೆ ಪಡೆದು, ಊರೂರಿಗೆ ಹೋಗಿ ಜನರಿಗೆ ನಾಲ್ಕು ಒಳ್ಳೆಯ ಮಾತು ಹೇಳುತ್ತಿದ್ದರು. ಅಡವಯ್ಯನಿಗೆ ಇನ್ನೂ ಅಪ್ಪಣೆಯಾಗಿರಲಿಲ್ಲ. ಗುರುಗಳು ಅಪ್ಪಣೆ ಕೊಡುತ್ತಿದ್ದುದು ಹುಣ್ಣಿಮೆಯ ದಿನ; ಪ್ರತಿ ಹುಣ್ಣಿಮೆಗೂ ಅವನು ಬಟ್ಟೆ ಒಗೆದು, ಮಡಿಸಿ, ಗಂಟು ಕಟ್ಟಿ ಇಡುತ್ತಿದ್ದ. ಹುಣ್ಣಿಮೆ ಕಳೆದ ಮೇಲೆ ಗಂಟು ಬಿಚ್ಚುತ್ತಿದ್ದ. ನಡುವಿನ ಹೊತ್ತು ಕಳೆಯಲೆಂದು ಬೇರೆಯವರ ಪ್ರವಚನಗಳನ್ನು ಬಾಯಿಪಾಠ ಮಾಡಿಕೊಂಡ. ಒಂದು ದಿನ ದಾಸೋಹದ ಪಂಕ್ತಿಯ ಮುಂದೆ ನಿಂತು ಅವುಗಳಲ್ಲೊಂದನ್ನು ಎಲ್ಲಿಯೂ ತಡವರಿಸದೆ ಒಪ್ಪಿಸಿದ. ಉಣ್ಣುತ್ತಿದ್ದವರೆಲ್ಲ ತಲೆದೂಗಿದರು. ಗುರುಗಳು ಮಾತ್ರ, “ಚೆನ್ನಾಯಿತು. ಇನ್ನು ಮಜ್ಜಿಗೆ ಬಡಿಸಪ್ಪಾ” ಎಂದರು.

ಮರುದಿನ ಬೆಳಿಗ್ಗೆ ಪೂಜೆ ಮುಗಿದ ಮೇಲೆ ಅವನು ಈ ಪ್ರಶ್ನೆ ಕೇಳಿದ.

“ಏನೇನು ಮಾಡಿ ನೋಡಿದೆ?” ಎಂದರು ಗುರುಗಳು.

“ಜಪ ಮಾಡಿದೆ. ಅಂಗಳ ಗುಡಿಸಿದೆ. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಿದೆ. ಹಗಲಲ್ಲೂ ಮಲಗಿ ನೋಡಿದೆ. ಹೊತ್ತು ಮಾತ್ರ ಕೂತಲ್ಲಿಂದ ಏಳಲೊಲ್ಲದು.”

“ಅದಕ್ಕೇ ನಮ್ಮ ಅಂಗಳ ಇಷ್ಟು ತಗ್ಗಾಗಿದೆ!” ಎಂದು ಗುರುಗಳು ನಕ್ಕರು. ಆಮೇಲೆ ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು. ಶಿವನ ದಯೆಯಿಂದ ಆಗ ನಾನೂ ಅಲ್ಲಿದ್ದೆ. ಕೇಳಿದ್ದನ್ನು ಕೇಳಿದಂತೆಯೇ ಬರೆಯುತ್ತಿದ್ದೇನೆ.

ಒಂದೂರಿನಲ್ಲಿ ಒಬ್ಬ ಕಂಚುಗಾರನಿದ್ದ. ತಲೆತಲಾಂತರದಿಂದ ಅವನ ಮನೆಯವರು ಗುಡಿಗಳಿಗೆ ಘಂಟೆ ಎರೆದು ಕೊಡುತ್ತಿದ್ದರು. ಆ ಮನೆಯ ಘಂಟೆಯ ದನಿ ಕೇಳಿದರೆ ಹೊಲದಲ್ಲಿದ್ದವನು ನೇಗಿಲು ನಿಲ್ಲಿಸಿ ಕೈ ಮುಗಿಯುತ್ತಿದ್ದ. ಕಂಚುಗಾರನ ತಂದೆ ತೀರಿಕೊಂಡಿದ್ದ. ತಾಯಿ ಇದ್ದಳು.

ಸುತ್ತಲಿನ ಊರಿನವರು ಸೇರಿ, ಬೆಟ್ಟದ ಮೇಲಿನ ಗುಡಿಗೆ ಒಂದು ದೊಡ್ಡ ಘಂಟೆ ಮಾಡಿಸಬೇಕೆಂದು ನಿಶ್ಚಯಿಸಿದರು. ಮನೆಮನೆಯವರೂ ತಮ್ಮಲ್ಲಿದ್ದ ಕಂಚು ತಂದುಕೊಟ್ಟರು. ಕೆಲವರು ಮುರಿದ ದೀಪ ಕೊಟ್ಟರು, ಕೆಲವರು ಅಜ್ಜನ ಕಾಲದ ಬಟ್ಟಲು ಕೊಟ್ಟರು. ಒಬ್ಬ ಮುದುಕಿ, ಸತ್ತ ಗಂಡ ಉಣ್ಣುತ್ತಿದ್ದ ತಟ್ಟೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದಳು. “ಇದು ನನ್ನ ಮನೆಯಲ್ಲಿ ಸುಮ್ಮನೆ ಕೂತಿದೆ. ಗುಡಿಯಲ್ಲಾದರೂ ಮಾತಾಡಲಿ” ಎಂದಳು.

ತಂದೆ ಹೋದ ಮೇಲೆ ಕಂಚುಗಾರ ತಾನೊಬ್ಬನೇ ಎರೆಯುವ ಮೊದಲ ಘಂಟೆ ಅದು. ಅದು ಚೆನ್ನಾಗಿ ನುಡಿದರೆ ಮನೆತನದ ಮರ್ಯಾದೆ ಉಳಿಯುತ್ತದೆ. ನುಡಿಯದಿದ್ದರೆ ಊರವರು ಹೊಳೆಯಾಚೆಯ ಕಂಚುಗಾರನ ಬಳಿಗೆ ಹೋಗುತ್ತಾರೆ. ಇದು ಅವನಿಗೂ ಗೊತ್ತಿತ್ತು, ಅವನ ತಾಯಿಗೂ ಗೊತ್ತಿತ್ತು.

ಆ ಮನೆಯಲ್ಲೊಂದು ಪದ್ಧತಿಯಿತ್ತು. ನೆಲದಲ್ಲಿ ಗುಂಡಿ ತೋಡಿ, ಅದರಲ್ಲಿ ಮಣ್ಣಿನ ಅಚ್ಚು ಇಟ್ಟು, ಕರಗಿದ ಕಂಚನ್ನು ಹೊಯ್ಯುತ್ತಿದ್ದರು. ಹೊಯ್ದ ಮೇಲೆ ಗುಂಡಿಯನ್ನು ಮಣ್ಣಿನಿಂದ ಮುಚ್ಚಿ, ಆ ಮಣ್ಣಿನಲ್ಲಿ ಒಂದು ಹಿಡಿ ಹುರುಳಿ ಬಿತ್ತುತ್ತಿದ್ದರು. ಒಳಗೆ ಕಾವಿದ್ದರೆ ಬೀಜ ಹುರಿದುಹೋಗುತ್ತದೆ. ಆಗ ಮತ್ತೆ ಬಿತ್ತಬೇಕು. ಘಂಟೆ ತಣಿದು, ಅದರ ಮೇಲಿನ ಮಣ್ಣೂ ತಣಿದ ಮೇಲೆಯೇ ಹುರುಳಿ ಮೊಳೆಯುತ್ತದೆ. ಹಸಿರು ಕಾಣುವವರೆಗೆ ಗುಂಡಿಗೆ ಯಾರೂ ಕೈ ಹಚ್ಚಬಾರದು. ಅವಸರ ಮಾಡಿ ತೆಗೆದ ಘಂಟೆಗೆ ಹೊರಗಿನ ಗಾಳಿ ತಾಗಿದರೆ ಬಿರುಕು ಬಿಡುತ್ತದೆ.

ಕಂಚುಗಾರ ಶಿವನನ್ನು ನೆನೆದು ಕಂಚು ಹೊಯ್ದ. ಹುರುಳಿ ಬಿತ್ತಿದ. ಅಲ್ಲಿಂದ ಅವನ ಕಷ್ಟ ಶುರುವಾಯಿತು.

ಹೊತ್ತು ಸರಿಯಲಿಲ್ಲ. ಮಲಗಿದ, ನಿದ್ದೆ ಬರಲಿಲ್ಲ. ಜಗಲಿಯಲ್ಲಿ ಚೌಕಾಬಾರ ಆಡಲು ಕೂತ. ಕವಡೆ ಹಾಕುವಾಗಲೂ ಕಣ್ಣು ಗುಂಡಿಯ ಕಡೆಗೇ. ಬೇಕೆಂದೇ ದೂರದ ಸಂತೆಗೆ ಹೋಗಿ, ಏನೂ ಕೊಳ್ಳದೆ ತಿರುಗಾಡಿ ಬಂದ; ಬಂದು ನೋಡಿದರೆ ಅದೇ ಕರಿಮಣ್ಣು. ದಾರಿಯಲ್ಲಿ ಹೋಗುವವರು ಬಿಡುತ್ತಿರಲಿಲ್ಲ.

“ಏನಪ್ಪಾ, ಘಂಟೆ ಎದ್ದಿತೋ?”

“ಇನ್ನೂ ಇಲ್ಲ.”

“ಘಂಟೆ ಹೂತಿದ್ದೀಯೋ, ಗೆಣಸು ನೆಟ್ಟಿದ್ದೀಯೋ?”

ಈ ಮಾತು ಅವನಿಗೆ ತಡೆಯಲಾಗಲಿಲ್ಲ. ಅದೇ ದಿನ ಅಡುಗೆಮನೆಗೆ ಹೋದಾಗ, ತಾಯಿ ಸಾರಿಗೆಂದು ಹುರುಳಿ ನೆನೆಸಿ ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದ್ದು ಕಣ್ಣಿಗೆ ಬಿತ್ತು. ಬಟ್ಟೆಯ ಸಂದಿನಿಂದ ಬಿಳಿಯ ಮೊಳಕೆ ಇಣುಕುತ್ತಿತ್ತು. ಅವನಿಗೊಂದು ಯೋಚನೆ ಬಂತು. ಅಲ್ಲಿ ಬಿತ್ತಿದ್ದೂ ಹುರುಳಿ, ಇಲ್ಲಿರುವುದೂ ಹುರುಳಿ. ಎರಡಕ್ಕೂ ವ್ಯತ್ಯಾಸವೇನು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಒಂದು ಹಿಡಿ ಮೊಳಕೆಯನ್ನು ತೆಗೆದು, ತೋಟದಿಂದ ಒದ್ದೆ ಮಣ್ಣು ತಂದು, ಗುಂಡಿಯ ಮೇಲೆ ಹರಡಿ, ಅದರಲ್ಲಿ ಊರಿದ.

ಹೆಚ್ಚು ಕಾಯಬೇಕಾಗಲಿಲ್ಲ. ಹಸಿರು ಕಂಡಿತು. ಅವನು ಊರಿಗೆಲ್ಲ ಹೇಳಿಕಳುಹಿಸಿದ. ಗೌಡರು ಬಂದರು, ತಟ್ಟೆ ಕೊಟ್ಟ ಮುದುಕಿಯೂ ಬಂದಳು. ತಾಯಿ ಹಸಿರನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಗುಂಡಿ ಅಗೆದು, ಅಚ್ಚು ಒಡೆದು, ಹಗ್ಗ ಕಟ್ಟಿ ಘಂಟೆಯನ್ನು ಮೇಲೆತ್ತಿದರು. ಅದಿನ್ನೂ ಹಬೆಯಾಡುತ್ತಿತ್ತು. ಬೆಟ್ಟದ ಕಡೆಯಿಂದ ತಣ್ಣನೆಯ ಗಾಳಿ ಬಂತು. ಎಲ್ಲೋ ಕಡ್ಡಿ ಮುರಿದಂಥ ಸಣ್ಣ ಸದ್ದಾಯಿತು. ಗೌಡರು ಕೊಡತಿಯಿಂದ ತಟ್ಟಿದಾಗ ಘಂಟೆ ಒಡೆದ ಮಡಕೆಯಂತೆ ನುಡಿಯಿತು.

ತಾಯಿ ಬಗ್ಗಿ, ಅಗೆದ ಮಣ್ಣಿನಿಂದ ಒಂದು ಮೊಳಕೆಯನ್ನು ಎತ್ತಿ ನೋಡಿದಳು. ಬಟ್ಟೆಯೊಳಗೆ ಬೆಳೆದ ಮೊಳಕೆಯ ಬೇರು ಸುರುಳಿಯಾಗಿರುತ್ತದೆ. ಮಣ್ಣಿನಲ್ಲಿ ಹುಟ್ಟಿದ್ದು ನೆಟ್ಟಗೆ ಇಳಿದಿರುತ್ತದೆ. ಅವಳಿಗೆ ತಿಳಿಯಿತು.

“ಮಗನೇ, ಇದನ್ನು ಸಾರಿಗೆ ಹಾಕಿದ್ದರೆ ಬಂದವರಿಗೆ ಊಟವಾದರೂ ಆಗುತ್ತಿತ್ತು” ಎಂದಳು.

ಕಂಚುಗಾರ ತಲೆ ಎತ್ತಲಿಲ್ಲ.

ಗೌಡರು ಹೆಗಲ ವಸ್ತ್ರ ಕೊಡವಿ ಹೇಳಿದರು: “ಆದದ್ದಾಯಿತು, ತಾಯಿ. ಹೊಳೆಯಾಚೆಯವನು ಇಂದು ಹೊಯ್ದು ನಾಳೆ ಎತ್ತಿ ಕೊಡುತ್ತಾನಂತೆ. ಈ ಕಂಚನ್ನು ಅವನಿಗೇ ಕೊಡುತ್ತೇವೆ.”

ಆಗ ಆ ತಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಿರುಕು ಬಿಟ್ಟ ಘಂಟೆಯ ಪಕ್ಕದಲ್ಲಿ ನೆಟ್ಟಗೆ ನಿಂತಳು. “ಗೌಡರೇ, ಕಂಚು ಹೊಯ್ಯುವವರು ಊರೂರಲ್ಲಿದ್ದಾರೆ. ನನ್ನ ಮಾವ ಹೊಯ್ದರು, ನನ್ನ ಗಂಡ ಹೊಯ್ದರು. ಆದರೆ ನಮ್ಮ ಮನೆಗೆ ಮರ್ಯಾದೆ ಬಂದದ್ದು ಹೊಯ್ದದ್ದರಿಂದಲ್ಲ. ಹೊಯ್ದ ಮೇಲೆ ಕೈ ಕಟ್ಟಿ ಕೂತದ್ದರಿಂದ. ಹಾಗೆ ಕೂರುವ ಮನೆ ಈ ಸೀಮೆಯಲ್ಲಿ ಇನ್ನೊಂದಿದ್ದರೆ ತೋರಿಸಿ, ನಾನೇ ಕಂಚು ಹೊತ್ತೊಯ್ದು ಅಲ್ಲಿಗೆ ಮುಟ್ಟಿಸುತ್ತೇನೆ. ಇಲ್ಲದಿದ್ದರೆ ನನ್ನ ಮಗನಿಗೆ ಇನ್ನೊಂದು ಸಲ ಕೊಡಿ.”

ಗೌಡರು ಸುತ್ತ ನೋಡಿದರು. ಮೊದಲು ಮಾತಾಡಿದವಳು ಮುದುಕಿ. “ನನ್ನ ತಟ್ಟೆ ಇಲ್ಲೇ ಇರಲಿ” ಎಂದಳು. ಉಳಿದವರೂ ಒಪ್ಪಿದರು.

ಘಂಟೆಯನ್ನು ಕರಗಿಸಿದರು. ಮತ್ತೆ ಹೊಯ್ದರು. ತಾಯಿ ಒಳಗೆ ಹೋಗಿ ಒಂದು ಹಿಡಿ ಒಣ ಹುರುಳಿ ತಂದು ಮಗನ ಕೈಗೆ ಹಾಕಿದಳು. ಅಡುಗೆಮನೆಯ ಬಾಗಿಲಿಗೆ ಚಿಲಕ ಹಾಕಲಿಲ್ಲ. ತೂಗುಹಾಕಿದ ಬಟ್ಟೆಗಂಟನ್ನು ಬಚ್ಚಿಡಲೂ ಇಲ್ಲ. ಮಗ ಅದನ್ನು ನೋಡಿದ.

ಅವನು ಬಿತ್ತಿ, ಗುಂಡಿಯ ಮುಂದೆ ಕೂತ. ತಾಯಿಯೂ ಬಂದು ಕೂತಳು. ಸ್ವಲ್ಪ ಹೊತ್ತಾದ ಮೇಲೆ ಅವನು, “ಅವ್ವಾ, ಹೊತ್ತೇ ಹೋಗುತ್ತಿಲ್ಲ” ಎಂದ.

“ಹೋಗಿಬಿಟ್ಟರೆ ಘಂಟೆಗೆ ಉಳಿಯುವುದೇನು? ನಿನಗೆ ಬೇಡವಾದ ಗಳಿಗೆಯೆಲ್ಲ ಆ ಘಂಟೆಗೆ ಬೇಕಪ್ಪಾ.”

ಅವನು ಮಣ್ಣನ್ನು ನೋಡುತ್ತಲೇ ಕೇಳಿದ: “ಇಲ್ಲಿ ಕೂತಾಗ ಅಪ್ಪ ಏನು ಮಾಡುತ್ತಿದ್ದರು?”

“ಏನೂ ಮಾಡುತ್ತಿರಲಿಲ್ಲ. ಮೀಸೆ ತಿರುವುತ್ತಿದ್ದರು.”

“ಮೀಸೆಯೇ?”

“ಹೂಂ. ದಾರಿಹೋಕರು ಘಂಟೆ ಎದ್ದಿತೇ ಎಂದು ಕೇಳಿದರೆ, ಇಲ್ಲ, ಒಳಗೆ ಘಂಟೆಯಾಗುತ್ತಿದೆ ಎಂದು ಹೇಳಿ ಮೀಸೆ ತಿರುವುತ್ತಿದ್ದರು. ಮದುವೆ ಮನೆಯ ಯಜಮಾನನ ಹಾಗೆ ಕೂರುತ್ತಿದ್ದರು. ನನಗೆ ನಗು ಬರುತ್ತಿತ್ತು. ಆದರೆ ಆ ಜಂಬ ತಮ್ಮ ಮೇಲಿನದಲ್ಲ, ಘಂಟೆಯ ಮೇಲಿನದು, ಶಿವ ಮೆಚ್ಚುವಂಥದು.”

ಕಂಚುಗಾರ ತನ್ನ ಮೇಲ್ದುಟಿಯನ್ನು ಮುಟ್ಟಿ ನೋಡಿಕೊಂಡ. ಅಲ್ಲಿ ತಿರುವುವಷ್ಟು ಏನೂ ಇರಲಿಲ್ಲ. ಇಬ್ಬರೂ ನಕ್ಕರು.

ಆ ದಿನದಿಂದ ಅವನು ಮಣ್ಣನ್ನು ಇಣುಕಿ ನೋಡುವುದನ್ನು ಬಿಟ್ಟ. ನೆಲದೊಳಗೆ ಊರಿನ ದೀಪಗಳೂ ಬಟ್ಟಲುಗಳೂ ಒಂದಾಗಿ ಕೂಡುತ್ತಿರುವುದನ್ನು ನೆನೆದು ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದ. ಗೆಣಸಿನ ಮಾತಾಡಿದವನು ಮತ್ತೆ ಬಂದ.

“ಏನಪ್ಪಾ, ಎದ್ದಿತೋ?”

“ಇಲ್ಲಣ್ಣ. ಒಳಗೆ ಘಂಟೆಯಾಗುತ್ತಿದೆ. ಬಾ, ಕೂತುಕೋ.”

ಅವನು ಹಾಸ್ಯ ಮಾಡಲು ಬಂದವನು. ಆ ದನಿ ಕೇಳಿ ಚಪ್ಪಲಿ ಬಿಟ್ಟು ಕೂತ. ಹಾಗೆ ಒಬ್ಬೊಬ್ಬರೇ ಬಂದು ಕೂರತೊಡಗಿದರು. ನನ್ನ ಅಜ್ಜಿಯ ದೀಪ ಇದರಲ್ಲಿದೆ ಎಂದು ಒಬ್ಬ, ನಮ್ಮ ಹಳೆಯ ಬಟ್ಟಲಿದೆ ಎಂದು ಇನ್ನೊಬ್ಬ, ಕಣ್ಣಿಗೆ ಕಾಣದ ಘಂಟೆಯನ್ನು ಕೊಂಡಾಡಿದರು. ಒಂದು ಬೆಳಿಗ್ಗೆ ಮುದುಕಿ ಬಂದು, ಗುಂಡಿಯ ಹತ್ತಿರ ಬಗ್ಗಿ, “ಅಯ್ಯಾ, ಹಸಿರು ಬಂದಿದೆಯಲ್ಲೋ!” ಎಂದಳು.

ಕಂಚುಗಾರ ಬೆರಗಾಗಿ ನೋಡಿದ. “ಇಷ್ಟು ಬೇಗವೇ?” ಎಂದ.

ಘಂಟೆಯನ್ನು ಬೆಟ್ಟದ ಗುಡಿಯಲ್ಲಿ ಕಟ್ಟಿದರು. ಮೊದಲ ಸಲ ಹೊಡೆದಾಗ ಅದರ ದನಿ ಹೊಳೆ ದಾಟಿ ಹೋಯಿತು. ಹೊಳೆಯಾಚೆಯ ಕಂಚುಗಾರನೂ ಕುಲುಮೆಯ ಮುಂದಿನಿಂದ ಎದ್ದು ನಿಂತು ಕೈ ಮುಗಿದ. ಮುದುಕಿ ಬೆಟ್ಟ ಹತ್ತಲಾರದೆ ಮನೆಯಲ್ಲೇ ಉಳಿದಿದ್ದಳು. ಅವಳು ಹೊಸ್ತಿಲ ಮೇಲೆ ಕೂತು, “ಕೇಳಿದಿರಾ? ನಮ್ಮ ಮನೆಯ ತಟ್ಟೆ” ಎಂದು ದಾರಿಯಲ್ಲಿ ಹೋಗುವವರಿಗೆಲ್ಲ ಹೇಳಿದಳು. ಬೆಟ್ಟದ ಮೇಲೆ ಕಂಚುಗಾರನ ತಾಯಿ ಮಗನ ಮುಖ ನೋಡಿ ತನ್ನ ತುಟಿಯ ಮೇಲೆ ಬೆರಳಾಡಿಸಿ, ಇಲ್ಲದ ಮೀಸೆ ತಿರುವಿದಳು.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಅಡವಯ್ಯನ ಕಣ್ಣು ಒದ್ದೆಯಾಗಿತ್ತು. ಬಾಯಿಪಾಠ ಮಾಡಿದ ಪ್ರವಚನ ನೆನಪಾಗಿ ಅವನು ತಲೆ ತಗ್ಗಿಸಿದ. “ಬಟ್ಟೆಯಲ್ಲಿ ಮೊಳೆಸಿದ ಹುರುಳಿಯನ್ನು ನಾನು ಪಂಕ್ತಿಯ ಮುಂದೆ ಬಿತ್ತಿದೆ. ತಪ್ಪಾಯಿತು, ಗುರುಗಳೇ. ಇನ್ನು ಮೇಲೆ ನಾನೂ ಆ ಕಂಚುಗಾರನಂತೆ ಗುಂಡಿಯ ಮುಂದೆ ಕೂರುತ್ತೇನೆ” ಎಂದ.

ಗುರುಗಳು ಅವನನ್ನೇ ನೋಡಿದರು. ಅವನು ಮತ್ತೆ ಏನೋ ಹೇಳಲು ಬಾಯಿ ತೆರೆದ. ಗುರುಗಳು ತಮ್ಮ ಬಿಳಿ ಮೀಸೆಯನ್ನು ಮೆಲ್ಲಗೆ ತಿರುವಿ ನುಡಿದ ಮಾತಿಗೆ ಆ ಬಾಯಿ ತೆರೆದದ್ದು ತೆರೆದ ಹಾಗೆಯೇ ಉಳಿಯಿತು.

“ಮಗೂ, ಗುಂಡಿಯ ಮುಂದೆ ಕೂತಿರುವವನು ನಾನು, ನೀನು ಒಳಗಿದ್ದೀಯೆ.”