ತಟ್ಟೆಯಲ್ಲಿ ಉಳಿದ ವೀಳ್ಯ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ನಮ್ಮ ದೊರೆಯ ದಂಡು ಎಲ್ಲೋ ದೂರದ ದೇಶದಲ್ಲಿ ಹೋರಾಡುತ್ತಿದೆ. ದಂಡನಾಯಕರು ಯುದ್ಧ ನಡೆಸುತ್ತಿರುವ ರೀತಿ ಸರಿಯಿಲ್ಲ ಎಂದು ನಮ್ಮ ಊರಿನಲ್ಲಿ ಎಲ್ಲರೂ ಹೇಳುತ್ತಾರೆ. ಯುದ್ಧವನ್ನು ಕಣ್ಣಾರೆ ಕಾಣದವರು ಅದರ ತಂತ್ರದ ಬಗ್ಗೆ ಸಂದೇಹಪಡುವುದು ಸರಿಯೇ?"

"ಎಲ್ಲರೂ ಹೇಳುತ್ತಾರೆಯೇ?" ಎಂದರು ಗುರು.

"ಎಲ್ಲರೂ. ಹೂ ಮಾರುವವಳಿಂದ ಹಿಡಿದು ಪುರೋಹಿತರವರೆಗೆ."

"ಹಾಗಾದರೆ ಕೂತುಕೋ," ಎಂದು ಗುರು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಬೇಳೆ ವ್ಯಾಪಾರಿ ಇದ್ದ. ಅವನಿಗೆ ಮಕ್ಕಳಿರಲಿಲ್ಲ. ಮದುವೆಯಾಗದ ಒಬ್ಬ ತಮ್ಮನಿದ್ದ. ತಂದೆ ತಾಯಿ ಬೇಗ ತೀರಿಕೊಂಡದ್ದರಿಂದ ತಮ್ಮನನ್ನು ಬೆಳೆಸಿದವನು ಅಣ್ಣನೇ. ಅಂಗಡಿಯಲ್ಲಿ ತಕ್ಕಡಿ ಹಿಡಿಯುವುದು ಅಣ್ಣನ ಕೆಲಸ, ಮೂಟೆ ಹೊರುವುದು ತಮ್ಮನ ಕೆಲಸ. ಮಾತಾಡುವುದೂ ಅಣ್ಣನ ಕೆಲಸವೇ ಆಗಿತ್ತು.

ಆ ನಾಡಿನ ರಾಜ ಬಹು ದೂರದ ಒಂದು ಕೋಟೆಯ ಮೇಲೆ ಯುದ್ಧ ಹೂಡಿದ್ದ. ಯಾಕೆ ಹೂಡಿದ ಎನ್ನುವುದು ಊರಿನ ಕೆಲವರಿಗೆ ಮೊದಮೊದಲು ಗೊತ್ತಿತ್ತು. ಯುದ್ಧ ಉದ್ದವಾಗುತ್ತ ಹೋದ ಹಾಗೆ ಅವರೂ ಮರೆತರು. ಯುದ್ಧ ಹೇಗೆ ನಡೆಯುತ್ತಿದೆ ಎನ್ನುವುದು ಮಾತ್ರ ಎಲ್ಲರಿಗೂ ಗೊತ್ತಿತ್ತು. ಎತ್ತುಗಳ ಮೇಲೆ ಉಪ್ಪು ಹೇರಿಕೊಂಡು ಆ ಸೀಮೆಯಿಂದ ಬರುವವರು ಉಪ್ಪನ್ನು ಅಳೆದು ಕೊಡುತ್ತಿದ್ದರು, ಸುದ್ದಿಯನ್ನು ಅಳೆಯದೆ ಕೊಡುತ್ತಿದ್ದರು.

ದಂಡನಾಯಕನ ತಂತ್ರ ಸರಳವಾಗಿತ್ತು. ಮುಂದೆ ಆನೆಗಳು, ಆನೆಗಳ ಹಿಂದೆ ಕಾಲಾಳುಗಳು. ಆನೆ ಓಡಿ ಬಂದು ಕೋಟೆಯ ಬಾಗಿಲನ್ನು ಗುದ್ದಬೇಕು, ಬಾಗಿಲು ಮುರಿದ ಕೂಡಲೇ ಕಾಲಾಳುಗಳು ಒಳಗೆ ನುಗ್ಗಬೇಕು. ದಂಡನಾಯಕನ ಅಜ್ಜ ಹೀಗೆಯೇ ಒಂದು ಕೋಟೆಯನ್ನು ಗೆದ್ದಿದ್ದ. ಆ ಕೋಟೆ ಬಯಲಿನಲ್ಲಿತ್ತು. ಮೊಮ್ಮಗನಿಗೆ ಆನೆಗಳು ನೆನಪಿದ್ದವು, ಬಯಲು ನೆನಪಿರಲಿಲ್ಲ. ಈ ಕೋಟೆ ಇದ್ದದ್ದು ಬಂಡೆಯ ಮೇಲೆ. ಅಲ್ಲಿಗೆ ಹತ್ತುವ ದಾರಿ ಇಕ್ಕಟ್ಟು. ಅದೂ ಬಾಗಿಲಿನ ಮುಂದೆಯೇ ಸರಕ್ಕನೆ ತಿರುಗುತ್ತದೆ, ಆನೆಗೆ ಅಲ್ಲಿ ಓಡಲು ಜಾಗವೇ ಇಲ್ಲ ಎಂದು ಉಪ್ಪಿನವರು ಹೇಳಿದ್ದರು.

ಇಷ್ಟು ಸಿಕ್ಕಿದರೆ ಆ ಊರಿಗೆ ಸಾಕಾಗಿತ್ತು. ಸಂಜೆಯಾದರೆ ಗಾಣಿಗನ ಮನೆಯ ಕಟ್ಟೆಯ ಮೇಲೆ ಜನ ಸೇರುತ್ತಿದ್ದರು. ಬೇಳೆ ವ್ಯಾಪಾರಿ ತೆಂಗಿನ ಚಿಪ್ಪೊಂದನ್ನು ಬೋರಲು ಹಾಕಿ ಕೋಟೆ ಮಾಡುತ್ತಿದ್ದ. ಕಡಲೆಕಾಳು ಆನೆ, ತೊಗರಿಬೇಳೆ ಕಾಲಾಳು. ದಂಡನಾಯಕನ ಪಾತ್ರ ತಮ್ಮನದು. ಅವನು ಕಡಲೆಯನ್ನು ಚಿಪ್ಪಿನ ಕಡೆಗೆ ತಳ್ಳುತ್ತಿದ್ದ, ಅಣ್ಣ ಅದನ್ನು ಬೆರಳಿನಿಂದ ಹಿಂದಕ್ಕೆ ಉರುಳಿಸುತ್ತಿದ್ದ. ಹಿಂದಿದ್ದ ಬೇಳೆಯೆಲ್ಲ ಚೆಲ್ಲಾಪಿಲ್ಲಿಯಾಗುತ್ತಿತ್ತು.

"ನೋಡಿದಿರಾ? ಆನೆ ಮುಂದೆ ಹೋಗಲಾರದೆ ಹಿಂದೆ ತಿರುಗಿತು ಅನ್ನಿ, ಅದರ ಕಾಲಡಿ ಬೀಳುವವರು ಯಾರು? ನಮ್ಮವರೇ," ಎನ್ನುತ್ತಿದ್ದ ವ್ಯಾಪಾರಿ. "ಬಾಗಿಲು ಬಡಿಯುವುದನ್ನು ಬಿಟ್ಟು ಕೆಳಗೆ ಸುಮ್ಮನೆ ಕೂತು, ಮೇಲಕ್ಕೆ ಹೋಗುವ ದವಸ ತಡೆಯಲಿ. ಬೇಳೆ ಇಲ್ಲದೆ ಎಷ್ಟು ದಿನ ಇದ್ದಾರು?"

ಬೇಳೆ ಇಲ್ಲದೆ ಯಾರೂ ಬದುಕಲಾರರು ಎನ್ನುವುದು ಅವನ ಖಚಿತವಾದ ನಂಬಿಕೆ. ಉಳಿದವರೂ ತಲೆದೂಗುತ್ತಿದ್ದರು. ಹೀಗೆ ಗಾಣಿಗನ ಕಟ್ಟೆಯ ಮೇಲೆ ಆ ಕೋಟೆ ಪ್ರತಿ ಸಂಜೆ ದೀಪ ಹಚ್ಚುವುದರೊಳಗೆ ಬೀಳುತ್ತಿತ್ತು. ಆಮೇಲೆ ವ್ಯಾಪಾರಿ ಆನೆ ಕಾಲಾಳುಗಳನ್ನೆಲ್ಲ ಗುಡಿಸಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದ. ಮಾರುವ ಸರಕು.

ಆ ನಾಡಿನಲ್ಲಿ ಒಂದು ಕಟ್ಟಳೆ ಇತ್ತು. ದಂಡಿಗೆ ಹೊಸ ಆಳು ಬೇಕಾದರೆ ರಾಜನ ಅಧಿಕಾರಿ ಊರಿಗೆ ಬರುತ್ತಿದ್ದ. ಊರಿನ ಯಜಮಾನರೆಲ್ಲ ಚಾವಡಿಯಲ್ಲಿ ಸೇರಬೇಕು. ಅಧಿಕಾರಿ ಒಂದು ದೊಡ್ಡ ತಟ್ಟೆಯನ್ನು ಎಲ್ಲರ ಮುಂದೆ ಹಿಡಿಯುತ್ತ ಬರುತ್ತಾನೆ. ಅದರಲ್ಲಿ ಮನೆಗೊಂದರಂತೆ ವೀಳ್ಯ ಇರುತ್ತದೆ. ಎತ್ತಿಕೊಂಡರೆ ಈ ಯುದ್ಧಕ್ಕೆ ಊರಿನ ಹುಡುಗರನ್ನು ಕಳಿಸಲು ಒಪ್ಪಿಗೆ ಎಂದು ಅರ್ಥ. ಒಂದೇ ಒಂದು ವೀಳ್ಯ ತಟ್ಟೆಯಲ್ಲಿ ಉಳಿದರೂ ಆ ವರ್ಷ ಆ ಊರಿನಿಂದ ಯಾರನ್ನೂ ಕರೆದೊಯ್ಯುವ ಹಾಗಿಲ್ಲ. ಅಧಿಕಾರಿ ಆ ತಟ್ಟೆಯನ್ನು ಹಾಗೆಯೇ ಒಯ್ದು ರಾಜನ ಮುಂದೆ ಇಟ್ಟು, ಉಳಿದ ಕಾರಣವನ್ನು ಹೇಳಬೇಕು.

ಹಿಂದೆ ಯಾವನೋ ಒಳ್ಳೆಯ ರಾಜ ಮಾಡಿದ ಕಟ್ಟಳೆ. ಅವನ ನಂತರದ ಯಾವ ರಾಜನಿಗೂ ಅದರಿಂದ ತೊಂದರೆಯಾಗಿರಲಿಲ್ಲ. ಏಕೆಂದರೆ ಆ ನಾಡಿನ ಜನ ಎದುರಿಗೆ ಹಿಡಿದ ವೀಳ್ಯವನ್ನು ಬೇಡ ಎನ್ನುವವರಲ್ಲ. ಹೊಲದ ಬದುವಿಗಾಗಿ ಕೈ ಕೈ ಮಿಲಾಯಿಸಿದವರು ಕೂಡ ಮದುವೆ ಮನೆಯಲ್ಲಿ ಒಬ್ಬರು ಕೊಟ್ಟ ಎಲೆ ಅಡಿಕೆಯನ್ನು ಇನ್ನೊಬ್ಬರು ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳುತ್ತಿದ್ದರು. ತಟ್ಟೆ ಪ್ರತಿ ಸಲವೂ ಖಾಲಿಯಾಗಿಯೇ ಮರಳುತ್ತಿತ್ತು. ಊರುಗಳೆಲ್ಲ ಯುದ್ಧವನ್ನು ಮನಸಾರೆ ಮೆಚ್ಚಿವೆ ಎಂದು ರಾಜ ತಿಳಿದಿದ್ದ. ತಿಳಿಯದೆ ಏನು ಮಾಡಿಯಾನು?

ಆ ವರ್ಷ ತಟ್ಟೆ ಈ ಊರಿಗೂ ಬಂತು. ಚಾವಡಿಯಲ್ಲಿ ವ್ಯಾಪಾರಿಯ ಪಕ್ಕ ಗಾಣಿಗ ಕೂತಿದ್ದ. ಅವನು ಮೊಣಕೈಯಿಂದ ತಿವಿದು ಪಿಸುಗುಟ್ಟಿದ: "ಸೆಟ್ರೇ, ಆ ಆನೆ ವಿಷಯ ಕೇಳಿಬಿಡಿ."

"ಬಂದ ಅತಿಥಿಯ ಎದುರಿಗೆ ಬೇಡ ಮಾರಾಯ. ಸಂಜೆ ಮಾತಾಡೋಣ," ಎಂದ ವ್ಯಾಪಾರಿ.

ತಟ್ಟೆ ಅವನ ಮುಂದೆ ಬಂತು. ಎತ್ತಿಕೊಂಡ. ಎಲೆ ಎಳೆಯದು, ಲವಂಗ ಚುಚ್ಚಿ ಮಡಿಸಿದ್ದರು. ಸಂಜೆ ಅದೇ ವೀಳ್ಯವನ್ನು ಜಗಿಯುತ್ತ ಎಲ್ಲರೂ ಕಟ್ಟೆಯ ಮೇಲೆ ಕೂತು ದಂಡನಾಯಕನ ದಡ್ಡತನವನ್ನು ಹಿಂದೆಂದಿಗಿಂತ ಚೆನ್ನಾಗಿ ಬಿಡಿಸಿ ಬಿಡಿಸಿ ಆಡಿಕೊಂಡರು.

ಹೊರಡಬೇಕಾದ ಹುಡುಗರನ್ನು ಮಾರನೆಯ ದಿನ ಆರಿಸಿದರು. ಅವರಲ್ಲಿ ವ್ಯಾಪಾರಿಯ ತಮ್ಮನೂ ಒಬ್ಬ. ಮೂಟೆ ಹೊತ್ತು ಗಟ್ಟಿಯಾದ ಮೈ, ಮದುವೆಯಾಗಿರಲಿಲ್ಲ, ಬಿಡುವುದಕ್ಕೆ ಕಾರಣವಿರಲಿಲ್ಲ.

ಹೊರಡುವಾಗ ತಮ್ಮ ಕೇಳಿದ: "ಅಣ್ಣಾ, ನೀನು ಹೇಳೋದು ನಿಜ ಆದರೆ ನಾನು ಆನೆ ಹಿಂದೆ ನಿಲ್ಲಬಾರದು, ಅಲ್ಲವಾ?"

"ನಿಲ್ಲಬೇಡ."

"ಅಲ್ಲೇ ನಿಲ್ಲು ಅಂದರೆ?"

ಚಿಪ್ಪು ಮತ್ತು ಕಡಲೆಯ ಯುದ್ಧದಲ್ಲಿ ಬೇಳೆ ಯಾವತ್ತೂ ಪ್ರಶ್ನೆ ಕೇಳಿರಲಿಲ್ಲ. ವ್ಯಾಪಾರಿ ದಾರಿಗೆ ಇರಲಿ ಎಂದು ಹುರಿಗಡಲೆಯ ಗಂಟೊಂದನ್ನು ತಮ್ಮನ ಕೈಗಿಟ್ಟು, ಊರ ಹೊರಗಿನ ತನಕ ಜೊತೆಗೆ ಹೋಗಿ ಬಂದ.

ಬೇಸಗೆ ಕಳೆದ ಮೇಲೆ ಉಪ್ಪಿನವರು ಬಂದರು. ಸುದ್ದಿಯನ್ನು ಗಾಣಿಗನ ಕಟ್ಟೆಯ ಮೇಲೆಯೇ ಹೇಳಿದರು. ಆನೆಗಳು ತಿರುವಿನ ತನಕ ಹೋದವು. ಕೋಟೆಯ ಮೇಲಿನಿಂದ ಬೆಂಕಿ ಹಚ್ಚಿದ ಹುಲ್ಲಿನ ಹೊರೆಗಳನ್ನು ಎಸೆದರು. ಆನೆಗಳು ಬೆದರಿ ಹಿಂದೆ ತಿರುಗಿದವು. ಹಿಂದೆ ನಿಂತಿದ್ದವರಿಗೆ ಸರಿಯಲು ಜಾಗವಿರಲಿಲ್ಲ. ಆ ದಿನ ಹಿಂದೆ ನಿಲ್ಲಿಸಿದ್ದದ್ದು ಈ ಊರಿನ ಹುಡುಗರನ್ನು. ಅವರಲ್ಲಿ ಯಾರೂ ಉಳಿಯಲಿಲ್ಲ.

ಕಟ್ಟೆಯ ಮೇಲೆ ಕೂತವರಲ್ಲಿ ಯಾರೋ ಒಬ್ಬರು ಹೇಳಿದರು: "ಸೆಟ್ಟರು ಹೇಳಿದ ಹಾಗೆಯೇ ಆಯಿತು ನೋಡಿ. ಒಂದು ಕೂದಲೆಳೆ ಆಚೀಚೆ ಇಲ್ಲ."

ಕೆಲವರು ತಲೆದೂಗಿದರು. ಹಾಗೆ ತಲೆದೂಗಿದ್ದನ್ನು ವ್ಯಾಪಾರಿ ನೋಡಿದ. ತನ್ನ ಮಾತಿಗೆ ಅವರು ತಲೆದೂಗುವುದು ಅವನಿಗೆ ಬಹಳ ಇಷ್ಟವಾಗುತ್ತಿತ್ತು. ಎದ್ದು ಮನೆಗೆ ಹೋದ. ಮತ್ತೆ ಕಟ್ಟೆಗೆ ಬರಲಿಲ್ಲ. ಕಟ್ಟೆಯವರು ಬೇರೆ ಅಂಗಡಿಯಿಂದ ಕಡಲೆ ತಂದುಕೊಂಡರು.

ಅರಮನೆಯ ಡಂಗುರದವನು ಬಂದು ತನ್ನ ಸುದ್ದಿಯನ್ನು ಸಾರಿದ. ಕೋಟೆಯ ಬಾಗಿಲು ಅಲುಗಿದೆ, ಇನ್ನೊಂದು ಸಲ ಗುದ್ದಿದರೆ ಸಾಕು.

ಆದ್ದರಿಂದ ಮರುವರ್ಷ ತಟ್ಟೆ ಮತ್ತೆ ಬಂತು. ಅದೇ ಅಧಿಕಾರಿ, ಅದೇ ಚಾವಡಿ. ಆ ವರ್ಷ ಕಳಿಸಲು ಉಳಿದಿದ್ದ ಹುಡುಗರಲ್ಲಿ ಗಾಣಿಗನ ಮಗನೇ ಮೊದಲನೆಯವನು ಎನ್ನುವುದು ಎಲ್ಲರಿಗೂ ಗೊತ್ತಿತ್ತು, ಗಾಣಿಗನಿಗೂ ಗೊತ್ತಿತ್ತು. ತಟ್ಟೆ ಬೇಳೆ ವ್ಯಾಪಾರಿಯ ಮುಂದೆ ಬಂದು ನಿಂತಿತು. ಅವನು ಕೈ ಮುಗಿದ. ವೀಳ್ಯವನ್ನು ಮುಟ್ಟಲಿಲ್ಲ.

"ಯಾಕೆ ಸೆಟ್ಟರೇ, ಎಲೆ ಚೆನ್ನಾಗಿಲ್ಲವೇ?" ಎಂದ ಅಧಿಕಾರಿ.

"ಚೆನ್ನಾಗಿದೆ ಸ್ವಾಮಿ. ಹೋದ ವರ್ಷವೂ ಚೆನ್ನಾಗಿತ್ತು. ನಂಬಿಕೆ ಬರದಿರುವುದು ದಂಡನಾಯಕರ ತಂತ್ರದ ಮೇಲೆ."

ಗಾಣಿಗ ಅವನ ಶಲ್ಯ ಹಿಡಿದು ಜಗ್ಗಿದ. "ತಗೊಳ್ಳಿ ಸೆಟ್ರೇ, ಊರಿನ ಮರ್ಯಾದೆ ಹೋಗುತ್ತೆ. ನಿಮಗೇನು, ನಿಮ್ಮ ಮನೆಯಿಂದ ಇನ್ನು ಹೋಗುವವರು ಯಾರೂ ಇಲ್ಲ."

"ನಿನ್ನ ಮನೆಯಲ್ಲಿ ಇದ್ದಾನಲ್ಲಪ್ಪ," ಎಂದ ವ್ಯಾಪಾರಿ.

ಗಾಣಿಗ ಶಲ್ಯ ಬಿಟ್ಟ.

ಅಧಿಕಾರಿಗೆ ಇಂಥದ್ದು ಹೊಸದು. ಆದರೂ ಅವನು ಸಿಟ್ಟಾಗಲಿಲ್ಲ. ಸಿಟ್ಟಾಗದೆ ಕೇಳುವುದು ಹೇಗೆ ಎಂದು ಅವನಿಗೆ ಕಲಿಸಿದ್ದರು.

"ನೀವು ರಣರಂಗ ಕಂಡಿದ್ದೀರಾ ಸೆಟ್ಟರೇ?"

"ಇಲ್ಲ ಸ್ವಾಮಿ."

"ಆನೆ ನಡೆಸಿದ್ದೀರಾ?"

"ಎಮ್ಮೆ ನಡೆಸುವುದಕ್ಕೂ ನನಗೆ ಬರುವುದಿಲ್ಲ."

ಹಿಂದೆ ಯಾರೋ ನಕ್ಕರು. ಅಧಿಕಾರಿಯೂ ಸ್ವಲ್ಪ ನಕ್ಕ. "ಹಾಗಿದ್ದ ಮೇಲೆ ದಂಡನಾಯಕರ ತಂತ್ರ ಸರಿಯೋ ತಪ್ಪೋ ಎಂದು ತೂಗಲು ನಿಮಗೇನು ಗೊತ್ತು?"

"ಹೋದ ವರ್ಷ ವೀಳ್ಯ ಎತ್ತಿಕೊಂಡಾಗಲೂ ನನಗೆ ಇಷ್ಟೇ ಗೊತ್ತಿತ್ತು ಸ್ವಾಮಿ. ಆಗ ತಾವು ಕೇಳಲಿಲ್ಲ."

ಚಾವಡಿಯಲ್ಲಿ ನಗು ನಿಂತಿತು. ವ್ಯಾಪಾರಿ ದನಿ ಏರಿಸದೆ ಮುಂದುವರಿಸಿದ: "ಬಾಗಿಲಿನ ಮುಂದೆ ದಾರಿ ತಿರುಗುತ್ತದೆ ಎಂದು ಕೇಳಿದ್ದೇನೆ. ನಾನು ಕಂಡವನಲ್ಲ. ದಂಡನಾಯಕರು ಕಂಡಿದ್ದಾರೆ. ದಾರಿ ನೆಟ್ಟಗಿದೆ ಎಂದು ಅವರು ಒಂದು ಮಾತು ಹೇಳಿ ಕಳಿಸಲಿ. ಈ ಎಲೆ ಒಣಗಿದ್ದರೂ ಸರಿ, ಎತ್ತಿಕೊಳ್ಳುತ್ತೇನೆ."

ಅಧಿಕಾರಿ ತಟ್ಟೆ ಹಿಡಿದು ಇನ್ನೂ ಸ್ವಲ್ಪ ಹೊತ್ತು ನಿಂತ. ತೋಳು ನೋಯತೊಡಗಿದಾಗ ಮುಂದೆ ಹೋದ. ಉಳಿದವರೆಲ್ಲ ತಮ್ಮ ತಮ್ಮ ವೀಳ್ಯ ಎತ್ತಿಕೊಂಡರು. ಗಾಣಿಗನೂ ಎತ್ತಿಕೊಂಡ. ಬಾಯಿಗೆ ಹಾಕಿಕೊಂಡ ಮೇಲೆ ಅವನಿಗೆ ಮಗನ ನೆನಪಾಯಿತು. ಕೊನೆಗೆ ತಟ್ಟೆಯಲ್ಲಿ ಒಂದು ವೀಳ್ಯ ಉಳಿಯಿತು. ಒಂದು ಉಳಿದರೆ ಸಾಕಾಗಿತ್ತು. ಅಧಿಕಾರಿ ಯಾರನ್ನೂ ಕರೆದುಕೊಳ್ಳದೆ ಹೊರಟುಹೋದ.

ತಟ್ಟೆ ರಾಜನ ಮುಂದೆ ಬಂತು. ಅದರಲ್ಲಿ ಒಣಗಿದ ಎಲೆಯೊಂದು ಬಿದ್ದಿರುವುದನ್ನು ನೋಡಿ, ಯಾರೋ ತೊಳೆಯಲು ಮರೆತಿದ್ದಾರೆ ಎಂದುಕೊಂಡ ರಾಜ. ಮಂತ್ರಿ ಹಳೆಯ ಕಟ್ಟಳೆಯನ್ನು ಬಿಡಿಸಿ ಹೇಳಿದ. ಅಧಿಕಾರಿ ವ್ಯಾಪಾರಿಯ ಮಾತನ್ನು ಇದ್ದ ಹಾಗೆ ಒಪ್ಪಿಸಿದ. ರಾಜ ದಂಡನಾಯಕನನ್ನು ಕರೆಸಿ, "ಬಾಗಿಲಿನ ಮುಂದೆ ದಾರಿ ತಿರುಗುತ್ತದೆಯೇ?" ಎಂದು ಕೇಳಿದ.

"ತಿರುಗುತ್ತದೆ ಪ್ರಭು," ಎಂದ ದಂಡನಾಯಕ.

ಅವನು ಸುಳ್ಳು ಹೇಳುವವನಲ್ಲ. ಅಲ್ಲಿಯವರೆಗೆ ಅವನನ್ನು ಯಾರೂ ಕೇಳಿರಲಿಲ್ಲ, ಅಷ್ಟೇ.

ಆ ಬೇಸಗೆಯಲ್ಲಿ ಆನೆಗಳು ಬಂಡೆಯ ಬುಡದಲ್ಲೇ ಕಬ್ಬು ತಿನ್ನುತ್ತ ನಿಂತವು. ಕೋಟೆ ಆಮೇಲೆ ಬಿತ್ತೋ ಇಲ್ಲವೋ ಕತೆ ಹೇಳುವವರಿಗೂ ಗೊತ್ತಿಲ್ಲ. ಗಾಣಿಗನ ಮಗ ಮಾತ್ರ ಆ ವರ್ಷವೂ ಗಾಣದ ಎತ್ತಿನ ಹಿಂದೆ ಸುತ್ತುತ್ತಿದ್ದ. ಅವನ ಮದುವೆಗೆ ಊರಿಗೆಲ್ಲ ಕರೆ ಹೋಯಿತು. ಬೇಳೆ ವ್ಯಾಪಾರಿಗೆ ಹೋಗಲಿಲ್ಲ. ಎದುರಿಗೆ ಹಿಡಿದ ವೀಳ್ಯವನ್ನು ಬೇಡ ಎಂದವನನ್ನು ಹೇಗೆ ಕರೆಯುವುದು ಎಂದು ಗಾಣಿಗನಿಗೆ ಸಂಕೋಚ. ವ್ಯಾಪಾರಿ ಬೇಸರ ಮಾಡಿಕೊಳ್ಳಲಿಲ್ಲ. ಓಲಗದ ಸದ್ದು ಅಂಗಡಿಯವರೆಗೂ ಕೇಳುತ್ತಿತ್ತು. ತಕ್ಕಡಿ ಕೆಳಗಿಟ್ಟು, ಅದು ಮುಗಿಯುವ ತನಕ ಕೇಳಿದ.

ಗುರು ಇಲ್ಲಿಗೆ ಕತೆಯನ್ನು ನಿಲ್ಲಿಸಿದರು.

ಶಿಷ್ಯನ ಮುಖ ಅರಳಿತ್ತು. "ಅರ್ಥವಾಯಿತು ಗುರುಗಳೇ. ಯುದ್ಧ ಎಷ್ಟು ದೂರವಿದ್ದರೂ, ಕಣ್ಣಾರೆ ಕಾಣದಿದ್ದರೂ, ಸಂದೇಹ ಬಂದರೆ ನಾವು ಮಾತಾಡಬೇಕು. ಊರಿಗೆ ಹೋಗಿ ಎಲ್ಲರಿಗೂ ಇದನ್ನೇ ಹೇಳುತ್ತೇನೆ."

ಗುರು ಹೇಳಿದರು: "ಮಾತಾಡುವವರಿಗೆ ಆ ಊರಿನಲ್ಲಿ ಯಾವ ವರ್ಷವೂ ಕೊರತೆ ಇರಲಿಲ್ಲ."