ಹೊಸ ಮದ್ದಿನ ಈಡು

ಕೋವಿಯ ಈಡು ಹಾರುವ ಮುಂಚೆ ಗದ್ದೆಗೆ ಕುಡುಗೋಲು ಹಾಕಿದರೆ ಭೂಮಿ ಮುನಿಯುತ್ತದೆ, ಮರುವರ್ಷ ಅಲ್ಲಿ ಭತ್ತ ಹುಟ್ಟುವುದಿಲ್ಲ ಎಂದು ಕೆಸವಿನಕೊಪ್ಪಲಿನಲ್ಲಿ ಎಲ್ಲರೂ ನಂಬಿದ್ದರು.

ಈಡು ಹಾರಿಸುವ ಹಕ್ಕು ಚೌಡಮ್ಮನ ಮನೆಯದು. ಅದಕ್ಕೆ ಊರವರು ವರ್ಷಕ್ಕೊಂದು ಪಲ್ಲ ಭತ್ತ ಕೊಡುತ್ತಿದ್ದರು. ತಾಯಿ ಮಗ ಉಣ್ಣುತ್ತಿದ್ದುದು ಅದನ್ನೇ. ಗಂಡ ಸತ್ತ ಮೇಲೆ ಕೋವಿ ಮಗ ದ್ಯಾವಣ್ಣನ ಕೈಗೆ ಬಂತು. ದ್ಯಾವಣ್ಣನಿಗೆ ಇಪ್ಪತ್ತೈದು ವರ್ಷ. ಬುದ್ಧಿಗೆ ಎಷ್ಟು ಎಂದು ಯಾರೂ ವಿಚಾರಿಸಿರಲಿಲ್ಲ.

ಆ ವರ್ಷ ಕೋವಿಗೆ ಹಾಕುವ ಕರಿಮದ್ದು ಕುಟ್ಟುವವನು ಊರು ಬಿಟ್ಟಿದ್ದ. ಪೇಟೆಯ ಅಂಗಡಿಯವನು ಅದರ ಬದಲಿಗೆ ಬಂದಿದ್ದ ಹೊಸ ಮದ್ದನ್ನು ದ್ಯಾವಣ್ಣನಿಗೆ ಕೊಟ್ಟ.

"ನಳಿಗೆಯ ಬಾಯಿಂದ ತುಂಬೋ ಕೋವಿಗೆ ಇದೂ ಆಗುತ್ತೆ. ಅಳತೆ ಹಳೇದೇ. ಬೆಂಕಿ ಮಾತ್ರ ಇದರ ಹತ್ತಿರ ತರಬೇಡ!"

"ತರಲ್ಲ ಸಾವ್ಕಾರ್ರೆ!"

ಮರುದಿನ ಊರೆಲ್ಲ ಪಟೇಲರ ಗದ್ದೆಯ ಬದುವಿನಲ್ಲಿ ನಿಂತಿತು. ದ್ಯಾವಣ್ಣ ಮದ್ದು ಹಾಕಿದ, ಕೋವಿ ಎತ್ತಿದ, ಅದರ ಕುದುರೆ ಎಳೆದ. ಟಕ್. ಅಷ್ಟೇ.

"ಮದ್ದು ಹತ್ತಿಸೋ ಕೇಪು ಎಲ್ಲೋ?" ಎಂದಳು ಚೌಡಮ್ಮ.

"ಅದು ಕಿಡಿ ಹಾರಿಸುತ್ತೆ ಕಣವ್ವ! ಬೆಂಕಿ ತರಬೇಡ ಅಂದಿದಾರೆ!"

"ಅಯ್ಯೋ ನನ್ನ ಹಣೇಬರಹವೇ! ಕೇಪಿಲ್ಲದೆ ಕೋವಿ ಕೆಮ್ಮುತ್ತೇನೋ? ನಾಳೆ ಕೇಪು ತಗೊಂಡು ಬಾ. ಈ ಮದ್ದು ಬೇಗ ಹತ್ತಲ್ಲವಂತೆ. ನಳಿಗೆಯೊಳಗೆ ಗಜದ ಕೋಲು ಹಾಕಿ ಗಟ್ಟಿಯಾಗಿ ಒತ್ತಿ ಹಿಡಿ!"

ಎರಡನೇ ದಿನ ಕೇಪು ತಂದ. ಮದ್ದು ಹಾಕಿದ. ಗಜ ಹಾಕಿ ಒತ್ತಿ ಹಿಡಿದ. ಹಿಡಿದೇ ಇದ್ದ. ಬಿಸಿಲು ನೆತ್ತಿಗೆ ಬಂತು. ಜನ ಮನೆಗೆ ಹೋಗಿ ಉಂಡು ಬಂದರು. ದ್ಯಾವಣ್ಣ ಹಿಡಿದೇ ಇದ್ದ.

"ಹೊಡೆಯೋ!"

"ಹಿಡಿ ಅಂದೆಯಲ್ಲವ್ವ! ಬಿಡು ಅಂತ ಯಾವಾಗ ಅಂದೆ?"

"ಒತ್ತಿದ ಮೇಲೆ ಗಜ ಈಚೆ ತೆಗೀಬೇಕು ಕಣೋ ಮುಠ್ಠಾಳ! ಹೊಡೆಯೋ ಮುಂಚೆ ಒಳಗೆ ಹಾಕಿದ್ದನ್ನ ಹೊರಗೆ ತೆಗೀಬೇಕು!"

ಮೂರನೇ ದಿನ ಮದ್ದು ಹಾಕಿದ, ಒತ್ತಿದ, ಗಜ ತೆಗೆದ. ಆಮೇಲೆ ಕೋವಿಯನ್ನು ಬೋರಲು ಮಾಡಿ ಕುಟ್ಟಿ ಕುಟ್ಟಿ ಮದ್ದನ್ನೂ ತೆಗೆದ. ಕೇಪು ಇಟ್ಟು ಕುದುರೆ ಎಳೆದ. ಚಟ್. ಅಷ್ಟೇ.

"ನೋಡು ಚೌಡಮ್ಮ," ಎಂದರು ಪಟೇಲರು, "ಕಾಳು ಉದುರೋಕೆ ಶುರುವಾಗಿದೆ. ನಾಳೆ ಸದ್ದು ಬರದಿದ್ದರೆ ಹಕ್ಕು ಬೇರೆ ಮನೆಗೆ."

ಚೌಡಮ್ಮ ಮಗನನ್ನು ಎದುರಿಗೆ ಕೂರಿಸಿಕೊಂಡಳು. "ಗಜ ಒಂದನ್ನೇ ತೆಗಿ. ಮದ್ದು ಒಳಗೇ ಇರಲಿ. ಕೇಪು ಇಡು. ಪೈರಿನ ಮರೆಯಲ್ಲಿ ಯಾರೂ ಕೂತಿಲ್ಲ ಅಂತ ಚೆನ್ನಾಗಿ ನೋಡಿಕೊಂಡು ಹೊಡಿ. ಇನ್ನು ಹೇಳೋಕೆ ನನ್ನ ಹತ್ತಿರ ಏನೂ ಇಲ್ಲ!"

ನಾಲ್ಕನೇ ದಿನ ದ್ಯಾವಣ್ಣ ಬೆಳಕು ಹರಿಯುತ್ತಲೇ ಹೋದ. ಊರವರು ಬರುವ ಹೊತ್ತಿಗೆ ಪಟೇಲರ ಗದ್ದೆಯಲ್ಲಿ ಪೈರೇ ಇರಲಿಲ್ಲ. ಕೊಯ್ದು ಬದುವಿನ ಮೇಲೆ ಒಟ್ಟಿತ್ತು.

"ಏನೋ ಮಾಡಿದೆ ಪಾಪಿ!"

"ಪೂರ್ತಿ ನೋಡಿದೆ ಕಣವ್ವ! ಪೈರಿನ ಮರೆಯಲ್ಲಿ ಒಬ್ಬನೂ ಇಲ್ಲ!"

ದ್ಯಾವಣ್ಣ ಕೋವಿ ಎತ್ತಿ ಕುದುರೆ ಎಳೆದ. ಢಂ!

ಹೊಸ ಮದ್ದು ಚೆನ್ನಾಗಿಯೇ ಇತ್ತು. ಹೊಗೆ ಕರಗಿದ ಮೇಲೆ ಪಟೇಲರು ಬದುವಿನ ಮೇಲಿನ ಪೈರನ್ನೊಮ್ಮೆ ನೋಡಿದರು.

"ಸದ್ದು ಬಂದಿದೆ. ಈ ವರ್ಷ ಹಕ್ಕು ನಿನ್ನದೇ," ಎಂದರು ಪಟೇಲರು. "ಮುಂದಿನ ವರ್ಷ ಇಲ್ಲಿ ಭತ್ತ ಹುಟ್ಟದಿರಲಿ, ಆಗ ನಿಮ್ಮಿಬ್ಬರನ್ನೂ ನೋಡಿಕೊಳ್ತೀನಿ!"

ಮುಂದಿನ ವರ್ಷ ಆ ಗದ್ದೆಯಲ್ಲಿ ಎಂದಿನಷ್ಟೇ ಭತ್ತ ಬೆಳೆಯಿತು.