ಎಣ್ಣೆ ಹಚ್ಚಿಕೊಂಡು ಕೂತ ಮಹಾರಾಜ

ಕಲ್ಲುಕೋಟೆಯ ಮಲ್ಲರಾಜನಿಗೆ ಜಂಬ ಕೊಚ್ಚಿಕೊಳ್ಳದಿದ್ದರೆ ತಿಂದ ಅನ್ನ ಅರಗುತ್ತಿರಲಿಲ್ಲ. ಮಗಳ ಮದುವೆಯಾದ ಮೇಲಿನ ಮೊದಲ ದೀಪಾವಳಿಗೆ ಅಳಿಯ ಬಂದಿಳಿದದ್ದೇ ತಡ, ರಾಜ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಶುರುಮಾಡಿದ.

"ಅಳಿಯಂದಿರೇ, ನನ್ನ ಅಪ್ಪಣೆಯಿಲ್ಲದೆ ಈ ಅರಮನೆಯಲ್ಲಿ ಒಂದು ಹುಲ್ಲುಕಡ್ಡಿಯೂ ಅಲುಗಾಡುವುದಿಲ್ಲ."

ಅಳಿಯ ಪಾಪ, ಹೂಂಗುಟ್ಟಿದ. ಹೊಸ ಅಳಿಯ ಇನ್ನೇನು ಮಾಡಿಯಾನು?

ಅಸಲಿಗೆ ಅರಮನೆಯ ಕೆಲಸಗಳನ್ನೆಲ್ಲ ಹೊಂದಿಸಿ ನಡೆಸುತ್ತಿದ್ದವನು ಅಲ್ಲೇ ನಿಂತು ಈ ಮಾತು ಕೇಳಿಸಿಕೊಳ್ಳುತ್ತಿದ್ದ ಪಾರುಪತ್ಯಗಾರ ಚನ್ನರಸ. ಅವನು ಆ ಹುದ್ದೆಗೆ ಬಂದಾಗ ನೀರಿನ ಚಾವಡಿಯ ಬಸಲಿಂಗ, ಸೌದೆ ಕೊಟ್ಟಿಗೆಯ ಮುದ್ದೇಗೌಡ, ಎಣ್ಣೆಮನೆಯ ದ್ಯಾವಮ್ಮ ಈ ಮೂವರಿಗೂ ಮುಖ ಕೊಟ್ಟು ಮಾತಿರಲಿಲ್ಲ. ನೀರಿನವರು ಸೌದೆ ನೆನೆಸುತ್ತಾರೆ ಎಂದು ಗೌಡನ ದೂರು. ಓಡಾಡುವ ದಾರಿಗೇ ಸೌದೆ ಒಟ್ಟುತ್ತಾನೆ ಎಂದು ಬಸಲಿಂಗನ ದೂರು. ಇವರಿಬ್ಬರ ಜಗಳದಲ್ಲಿ ಹಸಿ ಸೌದೆಯ ಹೊಗೆ ಕುಡಿಯುವವಳು ತಾನು ಎಂದು ದ್ಯಾವಮ್ಮನ ದೂರು. ಎಲ್ಲ ದೂರುಗಳೂ ಸಂಜೆಯಾದರೆ ರಾಜನ ಕಿವಿ ಸೇರುತ್ತಿದ್ದವು. ರಾಜನಿಗೆ ಬೇಕಾಗಿದ್ದದ್ದೂ ಅದೇ.

ಚನ್ನರಸ ದಿಂಬಿಗೊರಗಿ ಹುಕುಂ ಹೊರಡಿಸಲಿಲ್ಲ. ನೀರಿನವರ ಜತೆ ಕೊಡ ಹೊತ್ತು ಜಾರಿ ಬಿದ್ದ. ಸೌದೆ ಕೊಟ್ಟಿಗೆಯಲ್ಲಿ ಕೊಡಲಿ ಹಿಡಿಯಲು ಹೋಗಿ ನಗೆಪಾಟಲಾದ. ದ್ಯಾವಮ್ಮನ ಎದುರು ಕೂತು ಅವಳ ಮಂಡಿನೋವಿನ ಕತೆಯನ್ನು ಮೊದಲಿನಿಂದ ಕೊನೆಯವರೆಗೂ ಕೇಳಿದ. ಇಡೀ ಅರಮನೆಯಲ್ಲಿ ಅದನ್ನು ಪೂರ್ತಿ ಕೇಳಿದವನು ಅವನೊಬ್ಬನೇ.

ಆಮೇಲೆ ಮೂವರನ್ನೂ ದಿನಾ ಬೆಳಗ್ಗೆ ತನ್ನ ಮನೆಯ ಜಗಲಿಗೆ ರಾಗಿ ಅಂಬಲಿ ಕುಡಿಯಲು ಕರೆದ. ಯಾರ ಮೇಲೆ ದೂರಿದ್ದರೂ ಅವರ ಮುಖ ನೋಡಿಯೇ ಹೇಳಬೇಕು ಎನ್ನುವುದೊಂದೇ ಅಲ್ಲಿನ ಕಟ್ಟಳೆ. ಮೊದಮೊದಲು ಅಂಬಲಿ ಆರಿಹೋಗುವಷ್ಟು ಜಗಳವಾಯಿತು. ಒಂದು ದಿನ ಮುದ್ದೇಗೌಡ ತಾನಾಗಿಯೇ ಸೌದೆಯನ್ನು ಗೋಡೆಯ ಪಕ್ಕಕ್ಕೆ ಸರಿಸಿ ಒಟ್ಟಿಸಿದ. ಮರುದಿನ ಬಸಲಿಂಗ ಗೌಡನ ಚೊಂಬಿಗೆ ತಾನೇ ಅಂಬಲಿ ಬಗ್ಗಿಸಿದ. ಅಲ್ಲಿಂದ ಮುಂದೆ ಅರಮನೆಯ ಕೆಲಸಗಳು ಯಾರೂ ಕೂಗಾಡದೆ ಸಲೀಸಾಗಿ ನಡೆದವು.

ತೊಂದರೆಯಾದದ್ದು ರಾಜನಿಗೆ. ಸಂಜೆ ಚಾಡಿ ಹೇಳಲು ಯಾರೂ ಬರುತ್ತಿಲ್ಲ, ಹೊತ್ತು ಹೋಗುತ್ತಿಲ್ಲ. ಮೂವರೂ ಒಂದೇ ಜಗಲಿಯಲ್ಲಿ ಕೂರುತ್ತಾರೆಂದು ತಿಳಿದು ಅವನ ತಲೆಗೆ ಹುಳ ಹೊಕ್ಕಿತು. ಒಳಗೊಳಗೇ ಏನೋ ಮಸಲತ್ತು ನಡೆಯುತ್ತಿದೆ ಎಂದುಕೊಂಡ. ನೀರು ತುಂಬುವ ಹಬ್ಬದ ದಿನ ಚನ್ನರಸನನ್ನು ಕರೆಸಿದ.

"ಇನ್ನು ಮೇಲೆ ಒಂದು ಚಾವಡಿಯವರು ಇನ್ನೊಂದು ಚಾವಡಿಯವರ ಜತೆ ಮಾತಾಡಕೂಡದು. ಕೇಳುವುದು, ಹೇಳುವುದು ಎಲ್ಲ ನನ್ನ ಮೂಲಕ. ನಾಳೆ ಸೂರ್ಯ ಹುಟ್ಟುವುದರೊಳಗೆ ಅಳಿಯಂದಿರ ಎಣ್ಣೆಸ್ನಾನ ಮುಗಿಯದಿದ್ದರೆ ನೀನೂ ಆ ಮೂವರೂ ಗಡಿ ದಾಟಿ."

ಚನ್ನರಸನಿಗೆ ನಿಜಕ್ಕೂ ಸಂಕಟವಾಯಿತು. ತನ್ನ ಹುದ್ದೆ ಹೋದರೆ ಹೋಗಲಿ, ಆ ಮಂಡಿ ಹೊತ್ತು ದ್ಯಾವಮ್ಮ ಯಾವ ಗಡಿ ದಾಟಿಯಾಳು? ಆದರೂ ಕೈಮುಗಿದು, ಅಪ್ಪಣೆಯನ್ನು ಅಕ್ಷರ ತಪ್ಪದೆ ನಡೆಸುತ್ತೇನೆ ಎಂದ. ಸಂಜೆ ಮೂವರನ್ನೂ ಬೇರೆಬೇರೆಯಾಗಿ ಕಂಡು ಒಂದೇ ಮಾತು ಹೇಳಿದ: ನಾಳೆ ಏನೇ ಕೇಳುವುದಿದ್ದರೂ ನೇರ ಮಹಾಸ್ವಾಮಿಯವರನ್ನೇ ಕೇಳಿ.

ಬೆಳಗಿನ ಜಾವ ರಾಜನೂ ಅಳಿಯನೂ ಬಚ್ಚಲುಮನೆಯ ಮಣೆಯ ಮೇಲೆ ಕೂತರು. ಚನ್ನರಸ ಒಂದು ಪಕ್ಕದಲ್ಲಿ ಕೈಕಟ್ಟಿ ನಿಂತ. ರಾಜನನ್ನು ಎಳೆಗೂಸಿನಿಂದ ಎರೆದು ಬೆಳೆಸಿದ ದ್ಯಾವಮ್ಮನೇ ಇಬ್ಬರ ನೆತ್ತಿಗೂ ಎಣ್ಣೆ ಒತ್ತಿದಳು. ಅಷ್ಟರಲ್ಲಿ ಮುದ್ದೇಗೌಡ ಬಂದು ಬಾಗಿಲಲ್ಲಿ ನಿಂತ.

"ಮಾಸ್ವಾಮಿ, ಹಂಡೆ ತುಂಬೈತಾ ಅಂತ ಬಸಲಿಂಗನ್ನ ವಸಿ ಕೇಳಿ ಹೇಳ್ಬೇಕು. ಬರೀ ಹಂಡೆಗೆ ಉರಿ ಹಾಕಿದ್ರೆ ತಳ ಸುಟ್ಟೋಯ್ತದೆ."

ಬಸಲಿಂಗ ಅವನ ಪಕ್ಕದಲ್ಲೇ ಆಕಾಶ ನೋಡುತ್ತ ನಿಂತಿದ್ದ. ರಾಜ ಕೇಳಿದ, ಬಸಲಿಂಗ ತುಂಬಿದೆ ಎಂದ. ರಾಜ ಗೌಡನಿಗೆ ಹೇಳಿದ, ಉರಿ ಹತ್ತಿತು. ಸ್ವಲ್ಪ ಹೊತ್ತಿಗೆ ಬಸಲಿಂಗ, ನೀರು ಕಾದಿದ್ದರೆ ಬೆರಕೆಗೆ ತಣ್ಣೀರು ತರಬೇಕಲ್ಲ, ಗೌಡನನ್ನು ಕೇಳಿ ಹೇಳಿ ಎಂದ. ಗೌಡ ಒಲೆಯ ಬಳಿ ಹೋಗಿದ್ದ. ರಾಜ ಎಣ್ಣೆ ಸುರಿಸುತ್ತ ಪಂಚೆ ಎತ್ತಿಕೊಂಡು ಅಲ್ಲಿಗೆ ಹೋದ. ವಾಪಸು ಬಂದರೆ ದ್ಯಾವಮ್ಮ, ಸೀಗೆಪುಡಿ ಕಲಸಲು ಬಿಸಿನೀರು ಬೇಕಿತ್ತು, ಗೌಡನಿಗೆ ಹೇಳಿ ಎಂದಳು. ರಾಜ ಮತ್ತೆ ಹೋದ. ಅವನು ಒಲೆಯ ಬಳಿಯಿದ್ದಾಗ ಉರಿ ಹೆಚ್ಚು ಮಾಡಲೋ ಕಡಿಮೆ ಮಾಡಲೋ ಎಂದು ಬಸಲಿಂಗನನ್ನು ಕೇಳಿ ಬರಲು ಗೌಡ ವಿನಯದಿಂದ ಬೇಡಿದ.

ಕೇಳಿ ಬರುವುದರೊಳಗೆ ಉರಿ ಆರಿತ್ತು. ಮೂಡಣ ಕೆಂಪೇರುತ್ತಿತ್ತು. ಅಳಿಯ ಚಳಿಗೆ ಗಡಗಡ ನಡುಗುತ್ತ ಮಣೆಯ ಮೇಲೆ ಮುದುಡಿದ್ದ. ರಾಜನ ಕಣ್ಣಿಗೆ ಎಣ್ಣೆ ಇಳಿದಿತ್ತು.

"ಚನ್ನರಸ, ಏನಿದು? ಒಂದು ಕೆಲಸವೂ ಮುಂದಕ್ಕೆ ಹೋಗುತ್ತಿಲ್ಲವಲ್ಲ."

"ತಾವು ಅಳಿಯಂದಿರಿಗೆ ಹೇಳಿದ ಹಾಗೇ ನಡೆಯುತ್ತಿದೆ ಮಹಾಪ್ರಭು," ಎಂದು ಚನ್ನರಸ ಕೈಮುಗಿದ. "ಒಂದು ಹುಲ್ಲುಕಡ್ಡಿಯೂ ಅಲುಗಾಡುತ್ತಿಲ್ಲ."

ಮೊದಲು ನಕ್ಕವನು ಅಳಿಯ. ನಡುಗುತ್ತಲೇ ನಕ್ಕ. ರಾಜ ಒಂದು ಗಳಿಗೆ ಮುಖ ಗಂಟಿಕ್ಕಿ, ಆಮೇಲೆ ತನ್ನ ಅವತಾರ ತಾನೇ ನೋಡಿಕೊಂಡು ಹೊಟ್ಟೆ ಹಿಡಿದು ನಕ್ಕ. ಏನು ಬೇಕಾದರೂ ಮಾತಾಡಿಕೊಳ್ಳಿ ಮಾರಾಯರೇ, ಮೊದಲು ನೀರು ಹಾಕಿ ಎಂದ. ಮೂವರೂ ಒಬ್ಬರನ್ನೊಬ್ಬರು ನೋಡಿದರು, ಅಷ್ಟೇ. ಸೂರ್ಯ ಕೋಟೆಗೋಡೆ ಹತ್ತುವ ಹೊತ್ತಿಗೆ ಅಳಿಯ ಹೊಸ ಪಂಚೆ ಉಟ್ಟು ಆರತಿಗೆ ಕೂತಿದ್ದ.

ಹಬ್ಬ ಕಳೆದ ಮೇಲೆ ರಾಜ ಚನ್ನರಸನಿಗೆ ಶಾಲು ಹೊದಿಸಿದ. ಮರುದಿನ ತಾನೂ ಅವನ ಜಗಲಿಗೆ ಬಂದು ಒಂದು ಚೊಂಬು ಅಂಬಲಿ ಹಿಡಿದು ಕೂತ. ಹಳೆಯ ಚಪಲ ಎಲ್ಲಿ ಹೋದೀತು? ಚನ್ನರಸನ ಕಿವಿಯಲ್ಲಿ, ಈಚೆಗೆ ಯಾರು ಯಾರ ಮೇಲೆ ಏನು ಹೇಳಿದರು ಎಂದು ಮೆಲ್ಲಗೆ ಕೇಳಿದ.

"ಇಲ್ಲಿ ಯಾರ ಮೇಲೆ ದೂರಿದ್ದರೂ ಅವರ ಮುಖ ನೋಡಿಯೇ ಹೇಳಬೇಕು ಪ್ರಭು," ಎಂದ ಚನ್ನರಸ, ಎಲ್ಲರಿಗೂ ಕೇಳುವಂತೆ.

ದ್ಯಾವಮ್ಮ ಚೊಂಬು ಕೆಳಗಿಟ್ಟು ಮಂಡಿ ನೀವಿಕೊಂಡಳು.

"ಹಂಗಾದ್ರೆ ನಿಮ್ಮ ಮೇಲೇ ನಂದೊಂದೈತೆ ಮಾಸ್ವಾಮಿ. ಆ ಬಚ್ಚಲುಮನೆ ಮೆಟ್ಟಿಲು ಅಷ್ಟೆತ್ತರ ಕಟ್ಸಿದ್ದು ಯಾರು?"

ಆ ಮಂಡಿನೋವಿನ ಕತೆಯನ್ನು ಪೂರ್ತಿ ಕೇಳಿದ ಎರಡನೆಯವನು ಮಲ್ಲರಾಜ.